ಸುಕ್ಕಾದ ಸ್ಯಾಟಿನ್, ಬಿರುಕು ಬಿಟ್ಟ ಕವಚ: ಏಳು ವಾರದಲ್ಲಿ ಕಾಸ್‌ಪ್ಲೇ ಉಡುಪು ಮುಗಿಸಬಹುದಾ?

ಪ್ರಶ್ನೆ: ಮೇಡಂ, ನಾನು ಶಿವಮೊಗ್ಗದವಳು, ಬಿಎಸ್ಸಿ ಎರಡನೇ ವರ್ಷ. ಬೆಂಗಳೂರಿನ ಕಾಮಿಕ್ ಕಾನ್‌ಗೆ (ಕಾಮಿಕ್ಸ್, ಗೇಮ್ ಅಭಿಮಾನಿಗಳ ಮೇಳ) ಕಾಸ್‌ಪ್ಲೇ, ಅಂದರೆ ಇಷ್ಟದ ಪಾತ್ರದ ವೇಷ, ಮಾಡಿಕೊಂಡು ಹೋಗಬೇಕು ಅಂತ ಎರಡು ವರ್ಷದಿಂದ ಆಸೆ. ಪಾತ್ರ ಒಂದು ವಿಡಿಯೋ ಗೇಮ್‌ನ ಯೋಧೆ. ನೆಲ ಮುಟ್ಟುವ ನೀಲಿ ಕೇಪ್ (ಭುಜದಿಂದ ಬೆನ್ನ ಮೇಲೆ ಇಳಿಬಿಡುವ ಹೊದಿಕೆ), ಮೈಗೆ ಅಂಟಿದ ಉದ್ದ ತೋಳಿನ ಅಂಗಿ, ಎದೆ, ಭುಜ, ಮುಂಗೈಗೆ ಕವಚ. ಮನೆಯಲ್ಲಿ ಅಮ್ಮನ ಕಾಲಲ್ಲಿ ತುಳಿಯುವ ಹೊಲಿಗೆ ಮಷೀನ್ ಇದೆ. ಗಾಂಧಿ ಬಜಾರಿನಿಂದ 4 ಮೀಟರ್ ಸ್ಯಾಟಿನ್ ತಂದು ಕೇಪ್ ಹೊಲಿದೆ. ಹೊಲಿಗೆ ಉದ್ದಕ್ಕೂ ಸುಕ್ಕು. ಬಿಚ್ಚಿದರೆ ತೂತಿನ ಸಾಲು ಹಾಗೇ ಕಾಣಿಸುತ್ತದೆ. ಎದೆಗವಚಕ್ಕೆ ಪೇಪರ್ ಕತ್ತರಿಸಿ ಮೈಗಿಟ್ಟು ನೋಡಿದಾಗ ಸರಿಯಿತ್ತು. ಅದನ್ನೇ 10 ಎಂಎಂ ಇವಿಎ ಫೋಮ್‌ನಲ್ಲಿ (ಚಪ್ಪಲಿಯ ಅಟ್ಟೆಯಂಥ ಮೆತ್ತನೆ ಹಾಳೆ) ಕತ್ತರಿಸಿದರೆ ಬೆನ್ನ ಹಿಂದೆ ಒಂದೂವರೆ ಇಂಚು ಕೂಡಲೇ ಇಲ್ಲ. ಅದಕ್ಕೆ ಬಳಿದ ಎನಾಮಲ್ ಬಣ್ಣ ಒಣಗಿದ ಮೇಲೆ ಬಗ್ಗಿಸಿದ ಕೂಡಲೇ ಬಿರುಕು ಬಿಟ್ಟಿತು. ಭುಜಕ್ಕೆ ಥರ್ಮಾಕೋಲ್ ಕೊರೆದು ರಬ್ಬರ್ ಅಂಟು ಹಚ್ಚಿದೆ, ಕಣ್ಣೆದುರೇ ಕರಗಿತು. ಈಗಾಗಲೇ 1,800 ರೂಪಾಯಿ ಹೋಯಿತು. ಒಳ್ಳೆ ಮಷೀನ್ ಇಲ್ಲದೆ ಇದೆಲ್ಲ ಆಗಲ್ಲ, ಆನ್‌ಲೈನ್‌ನಲ್ಲಿ ತರಿಸಿಕೋ ಅಂತಾಳೆ ಒಬ್ಬ ಗೆಳತಿ. ಕೊಂಡು ಹಾಕಿದರೆ ಅದು ಕಾಸ್‌ಪ್ಲೇನೇ ಅಲ್ಲ ಅಂತಾನೆ ಇನ್ನೊಬ್ಬ. ಒಂದು ದಿನದ ವೇಷಕ್ಕೆ ಇಷ್ಟೆಲ್ಲ ಯಾಕೆ ಅಂತ ಅಪ್ಪ. ಇನ್ನು ಏಳು ವಾರ ಇದೆ, ಕೈಯಲ್ಲಿ 3,000 ರೂಪಾಯಿ ಇದೆ. ನನ್ನ ಎತ್ತರ 5 ಅಡಿ 3 ಇಂಚು. ಮುಂದುವರಿಸಲಾ, ಬಿಟ್ಟುಬಿಡಲಾ?

ಉತ್ತರ: ಮುಂದುವರಿಸಿ. ಏಳು ವಾರ ಸಾಕು, 3,000 ರೂಪಾಯಿಯೂ ಸಾಕಾಗುತ್ತದೆ. ಆದರೆ ಇವತ್ತಿನಿಂದ ಕೆಲಸದ ಕ್ರಮ ಬದಲಾಗಬೇಕು.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಹೊಲಿಗೆ ಸುಕ್ಕಾಗಿದೆ, ಕವಚ ಕೂಡಲಿಲ್ಲ, ಬಣ್ಣ ಬಿರಿಯಿತು, ಥರ್ಮಾಕೋಲ್ ಕರಗಿತು. ನಾಲ್ಕೂ ಒಟ್ಟಿಗೆ ಆದಾಗ ನನಗೆ ಕೈಗುಣವೇ ಇಲ್ಲ ಅನ್ನಿಸಿಬಿಡುತ್ತದೆ. ನಿಮ್ಮ ನಿಜವಾದ ಚಿಂತೆ ಅದೇ ಅಂತ ನನಗೆ ಅನ್ನಿಸಿತು. ನಾಟಕಗಳಿಗೆ ಉಡುಪು ಹೊಲಿಯುತ್ತ ನನಗೆ 20 ವರ್ಷ ಮೇಲಾಯಿತು. ಈಚೆಗೆ ಕಾಸ್‌ಪ್ಲೇ ಮಾಡುವ ಮಕ್ಕಳೂ ನನ್ನ ಹತ್ತಿರ ಬರುತ್ತಾರೆ. ಈ ನಾಲ್ಕರಲ್ಲಿ ಒಂದಾದರೂ ಆಗದವರನ್ನು ನಾನು ನೋಡಿಲ್ಲ. ಪ್ರತಿಯೊಂದಕ್ಕೂ ಕಾರಣ ಇದೆ. ಯಾವುದೂ ಕೈಗುಣದ ತಪ್ಪಲ್ಲ.

ಮೊದಲು ಮಷೀನ್ ವಿಷಯ ಮುಗಿಸೋಣ. ದುಬಾರಿ ಮಷೀನ್ ಬೇಕು ಅನ್ನೋದು ಸುಳ್ಳು. ಅಮ್ಮನ ಮಷೀನ್ ನೇರ ಹೊಲಿಗೆ ಹಾಕುತ್ತದೆ ಅಲ್ವಾ? ಕೇಪ್, ಲೈನಿಂಗ್, ಬೆಲ್ಟ್, ರೆಕ್ಸಿನ್ ಪಟ್ಟಿ ಎಲ್ಲಕ್ಕೂ ಅದೇ ಹೊಲಿಗೆ. ನಾನು ಕೆಲಸ ಕಲಿತದ್ದೂ ಅಂಥ ಮಷೀನ್ ಮೇಲೆಯೇ. ಅದರಲ್ಲಿ ಒಂದು ಅನುಕೂಲ ಜಾಸ್ತಿಯೇ ಇದೆ. ದಪ್ಪ ರೆಕ್ಸಿನ್ ಬಂದಾಗ ಪೆಡಲಿನಿಂದ ಕಾಲು ತೆಗೆದು, ಚಕ್ರವನ್ನು ಕೈಯಲ್ಲೇ ತಿರುಗಿಸುತ್ತ ಒಂದೊಂದೇ ಹೊಲಿಗೆ ಹಾಕಬಹುದು. ಸ್ವಂತ ಕೈಯಲ್ಲಿ ಹೊಲಿಯುವುದು ಕಾಸ್‌ಪ್ಲೇಗೆ ಹೊಸದೂ ಅಲ್ಲ. 1939ರ ಜುಲೈನಲ್ಲಿ ನ್ಯೂಯಾರ್ಕ್‌ನಲ್ಲಿ ಮೊದಲ ವಿಶ್ವ ಸೈನ್ಸ್ ಫಿಕ್ಷನ್ ಸಮ್ಮೇಳನ ನಡೆಯಿತು. ಅಲ್ಲಿಗೆ ಫಾರೆಸ್ಟ್ ಆಕರ್‌ಮನ್ ಮತ್ತು ಮಿರ್ಟಲ್ ಡಗ್ಲಸ್ ಅನ್ನುವ ಇಬ್ಬರು ಭವಿಷ್ಯದ ಕಾಲದವರ ಹಾಗೆ ಉಡುಪು ತೊಟ್ಟು ಬಂದರು. ಇವತ್ತಿನ ಕಾಸ್‌ಪ್ಲೇಯ ಕಥೆಯನ್ನು ತುಂಬ ಜನ ಅಲ್ಲಿಂದಲೇ ಶುರು ಮಾಡುತ್ತಾರೆ. ಇಬ್ಬರ ಉಡುಪನ್ನೂ ಹೊಲಿದದ್ದು ಮಿರ್ಟಲ್.

ಅಮ್ಮನ ಮಷೀನ್‌ಗೆ ಆಗದ್ದು ಒಂದೇ, ಎಳೆದರೆ ಹಿಗ್ಗುವ ಬಟ್ಟೆ. ಲೈಕ್ರಾ ಹಿಗ್ಗುತ್ತದೆ, ನೇರ ಹೊಲಿಗೆಯ ದಾರ ಹಿಗ್ಗುವುದಿಲ್ಲ. ಕೈ ಎತ್ತಿದ ಕೂಡಲೇ ಪಟ್ ಅಂತ ದಾರ ತುಂಡಾಗುತ್ತದೆ. ಹಾಗಾಗಿ ಮೈಗಂಟುವ ಅಂಗಿಯನ್ನು ನೀವು ಹೊಲಿಯಬೇಡಿ. ಕ್ರೀಡಾ ಸಾಮಾನಿನ ಅಂಗಡಿಯಲ್ಲಿ ಉದ್ದ ತೋಳಿನ ಮೈಯಂಟು ಟೀ ಶರ್ಟ್ ಸಿಗುತ್ತದೆ, ಅದನ್ನು ತನ್ನಿ. ಅರ್ಧ ಭಾಗ ಕವಚದ ಕೆಳಗೇ ಹೋಗುತ್ತದೆ.

ಈಗ ಸ್ಯಾಟಿನ್. ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡುತ್ತೇನೆ. ಇದು ಅರ್ಥವಾದರೆ ಮುಂದೆ ಯಾವ ಬಟ್ಟೆ ಬಂದರೂ ನೀವು ಹೆದರುವುದಿಲ್ಲ.

ನಿಮ್ಮ ಕೇಪನ್ನು ಕಿಟಕಿ ಹತ್ತಿರ ತೆಗೆದುಕೊಂಡು ಹೋಗಿ. ಹೊಲಿಗೆಯ ಸಾಲನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಮೂರರಲ್ಲಿ ಒಂದು ಕಾಣಿಸುತ್ತದೆ. ಪ್ರತಿ ತೂತಿನಿಂದ ಅಡ್ಡಡ್ಡ ಒಂದು ಸಣ್ಣ ಗೆರೆ, ಎಳೆ ಎಳೆದ ಹಾಗೆ, ಹೊರಟಿದ್ದರೆ ಸೂಜಿ ದಪ್ಪ ಇದೆ ಇಲ್ಲವೇ ಮೊಂಡಾಗಿದೆ. ಸೂಜಿ ಎಳೆಯ ನಡುವೆ ನುಗ್ಗುವ ಬದಲು ಎಳೆಯನ್ನೇ ಎಳೆದುಕೊಂಡು ಹೋಗಿದೆ ಅಂತ ಅರ್ಥ. ಎರಡೂ ಪದರ ಒಂದೇ ಸಮ ಅಲೆ ಅಲೆಯಾಗಿದ್ದರೆ ದಾರದ ಬಿಗಿ ಹೆಚ್ಚಾಗಿದೆ, ಅಥವಾ ಹೊಲಿಗೆ ತೀರಾ ಒತ್ತಾಗಿದೆ. ಒಂದು ಪದರ ನೆಟ್ಟಗಿದ್ದು ಇನ್ನೊಂದು ಮಾತ್ರ ಸುಕ್ಕಾಗಿ, ಕೊನೆಗೆ ಒಂದು ಪದರ ಅರ್ಧ ಇಂಚು ಉದ್ದ ಉಳಿದಿದ್ದರೆ ಬಟ್ಟೆ ಜಾರಿದೆ. ಮಷೀನಿನ ಕೆಳಗಿನ ಹಲ್ಲು ಕೆಳಗಿನ ಪದರವನ್ನು ಮುಂದಕ್ಕೆ ಎಳೆಯುತ್ತದೆ, ಬಟ್ಟೆಯನ್ನು ಒತ್ತಿ ಹಿಡಿಯುವ ಮೇಲಿನ ಪಾದ ಮೇಲಿನ ಪದರವನ್ನು ತಡೆಯುತ್ತದೆ. ಜಾರುವ ಬಟ್ಟೆಯಲ್ಲಿ ಇದು ಆಗಿಯೇ ಆಗುತ್ತದೆ.

ನಿಮ್ಮ ವಿಷಯದಲ್ಲಿ ಬಹುಶಃ ಮೂರೂ ಸೇರಿವೆ. ಅಮ್ಮ ಕೊನೆಗೆ ದಿಂಬಿನ ಕವರ್ರೋ, ದಪ್ಪ ಪರದೆಯೋ ಹೊಲಿದಿದ್ದರೆ ಅದರಲ್ಲಿ 16 ನಂಬರಿನ ಸೂಜಿ ಇರುತ್ತದೆ. ಸ್ಯಾಟಿನ್‌ಗೆ 11 ಬೇಕು, 9 ಸಿಕ್ಕರೆ ಇನ್ನೂ ಒಳ್ಳೆಯದು. ಮೇಲಿನ ದಾರದ ಸ್ಕ್ರೂವನ್ನು ಅರ್ಧ ಸುತ್ತು ಸಡಿಲ ಮಾಡಿ. ಬಾಬಿನ್ ಕೇಸನ್ನು (ಕೆಳಗಿನ ದಾರದ ಪುಟ್ಟ ಡಬ್ಬಿ) ದಾರದಲ್ಲಿ ತೂಗು ಹಾಕಿ ಮೆಲ್ಲಗೆ ಒಮ್ಮೆ ಕುಲುಕಿ. ಸ್ವಲ್ಪ ಕೆಳಗಿಳಿದು ನಿಲ್ಲಬೇಕು. ಸರ್ರನೆ ಇಳಿದರೆ ಸಡಿಲ, ಅಲ್ಲಾಡದಿದ್ದರೆ ಬಿಗಿ. ಇಂಚಿಗೆ 8ರಿಂದ 10 ಹೊಲಿಗೆ ಬೀಳುವ ಹಾಗೆ ಇಟ್ಟುಕೊಳ್ಳಿ. ಒತ್ತಾಗಿ ಹೊಲಿದರೆ ಗಟ್ಟಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಒತ್ತು ನೇಯ್ಗೆಯ ಬಟ್ಟೆಯಲ್ಲಿ ಅದೇ ಸುಕ್ಕಿಗೆ ಕಾರಣ. ಎಳೆಗಳ ನಡುವೆ ಜಾಗವೇ ಇಲ್ಲದ ಕಡೆ ನೀವು ಇನ್ನೊಂದು ದಾರ ತುರುಕುತ್ತಿದ್ದೀರಿ. ಅದಕ್ಕೇ ಹಾಸಿನ ಎಳೆಯ ಗುಂಟ, ಅಂದರೆ ಬಟ್ಟೆಯ ಉದ್ದಕ್ಕೆ ನೇರವಾಗಿ ಹೊಲಿದ ಕಡೆ ಸುಕ್ಕು ಅತಿ ಹೆಚ್ಚು. ಸ್ವಲ್ಪ ಓರೆಯಾಗಿ ಕತ್ತರಿಸಿದ ಅಂಚಿನಲ್ಲಿ ಕಡಿಮೆ.

ಇನ್ನು ಹೊಲಿಯುವ ಕೈ. ಎಡಗೈ ಪಾದದ ಹಿಂದೆ, ಬಲಗೈ ಮುಂದೆ. ಎರಡೂ ಕೈಯಲ್ಲಿ ಬಟ್ಟೆಯನ್ನು ಬಿಗಿಯಾಗಿ ಹಿಡಿಯಿರಿ, ಆದರೆ ಎಳೆಯಬೇಡಿ. ಎಳೆದರೆ ಸೂಜಿ ಬಾಗಿ ಮುರಿಯುತ್ತದೆ. ಕೆಳಗೆ ಒಂದು ಪಟ್ಟಿ ತೆಳು ಕಾಗದ ಇಟ್ಟು ಹೊಲಿದು, ಆಮೇಲೆ ಹರಿದು ತೆಗೆದರೆ ಜಾರುವುದು ನಿಲ್ಲುತ್ತದೆ. ಹಳೇ ನ್ಯೂಸ್‌ಪೇಪರ್ ಬೇಡ, ಮಸಿ ಹತ್ತುತ್ತದೆ.

ಬಿಚ್ಚಿದ ತೂತುಗಳು ಪಾಲಿಯೆಸ್ಟರ್ ಸ್ಯಾಟಿನ್‌ನಲ್ಲಿ ಪೂರ್ತಿ ಮುಚ್ಚುವುದಿಲ್ಲ. ಉಲ್ಟಾ ಕಡೆಯಿಂದ ಒದ್ದೆ ಬಟ್ಟೆ ಇಟ್ಟು, ಕಡಿಮೆ ಬಿಸಿಯ ಇಸ್ತ್ರಿ ಮುಟ್ಟಿಸಿ, ಉಗುರಿನಿಂದ ಮೆಲ್ಲಗೆ ಉಜ್ಜಿದರೆ ಅರ್ಧ ಮರೆಯಾಗುತ್ತವೆ. ಹೊಸ ಹೊಲಿಗೆಯನ್ನು ಹಳೇ ಸಾಲಿಗಿಂತ 2–3 ಎಂಎಂ ಒಳಗೆ ಹಾಕಿ. ಹಳೇ ತೂತುಗಳು ಮಾರ್ಜಿನ್‌ಗೆ ಹೋಗಿಬಿಡುತ್ತವೆ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು: ಕೇಪಿನ ಹೊರಗಿನ ಪದರಕ್ಕೆ ಸ್ಯಾಟಿನ್ ಬೇಡ. ಸ್ಯಾಟಿನ್ ಅನ್ನೋದು ನೂಲಿನ ಹೆಸರಲ್ಲ, ನೇಯ್ಗೆಯ ಹೆಸರು. ಮೇಲೆ ಉದ್ದುದ್ದ ಎಳೆಗಳು ತೇಲಿರುತ್ತವೆ, ಹೊಳಪು ಬರುವುದು ಅದರಿಂದಲೇ. ಬಸ್ಸಿನ ಸೀಟಿನ ಮೊಳೆಗೆ, ನಿಮ್ಮದೇ ಕವಚದ ಅಂಚಿಗೆ ಸಿಕ್ಕರೆ ಆ ಎಳೆಗಳೇ ಮೊದಲು ಕೀಳುತ್ತವೆ. ಫ್ಲ್ಯಾಶ್ ಬಿದ್ದರೆ ಪ್ರತಿ ಸುಕ್ಕೂ ಬಿಳಿ ಗೆರೆಯಾಗುತ್ತದೆ. ಗೇಮ್‌ನ ಚಿತ್ರದಲ್ಲಿ ಕೇಪ್ ಹೊಳೆಯುವುದು ಅಲ್ಲಿನ ಬೆಳಕಿಗೆ. ಯುದ್ಧಕ್ಕೆ ಹೋಗುವವಳ ಕೇಪ್ ಸ್ವಲ್ಪ ಭಾರವಾಗಿ, ಮಂಕಾಗಿ ಇದ್ದರೇ ನಂಬಿಕೆ ಬರುತ್ತದೆ. ಕಾಟನ್ ಗ್ಯಾಬರ್ಡಿನ್ ಅಥವಾ ಪ್ಯಾಂಟ್ ಬಟ್ಟೆಯ ನೀಲಿ ತುಂಡು ತನ್ನಿ. ಈಗಿರುವ 4 ಮೀಟರ್ ಸ್ಯಾಟಿನ್ ಒಳಗಿನ ಲೈನಿಂಗ್ ಆಗಲಿ. ನಡೆಯುವಾಗ ಕೇಪ್ ಹಾರಿದರೆ ಒಳಗಿನಿಂದ ಹೊಳಪು ಇಣುಕುತ್ತದೆ, ಅದು ಚಂದ. ತುಂಡು ಸೇರಿಸಿದ ಹೊಲಿಗೆಯೂ ಒಳಗೇ ಇರುತ್ತದೆ. ಸ್ಯಾಟಿನ್ ಕತ್ತರಿಸುವಾಗ ಎಲ್ಲ ತುಂಡೂ ಒಂದೇ ದಿಕ್ಕಿಗೆ ಇರಲಿ. ಒಂದು ತಲೆಕೆಳಗಾದರೂ ಅದರ ಬಣ್ಣವೇ ಬೇರೆ ಕಾಣುತ್ತದೆ.

ಎಷ್ಟು ಬಟ್ಟೆ ಬೇಕು? ಅರ್ಧ ವೃತ್ತದ ಕೇಪ್ ಮಾಡಿ. ಕುತ್ತಿಗೆ ಬುಡದ ಸುತ್ತಳತೆಯನ್ನು 3.14ರಿಂದ ಭಾಗಿಸಿದರೆ ಕುತ್ತಿಗೆಯ ಕಮಾನಿನ ಅಳತೆ ಸಿಗುತ್ತದೆ. ಸುತ್ತಳತೆ 16 ಇಂಚು ಅಂದರೆ ಸುಮಾರು 5 ಇಂಚು. ನಿಮ್ಮ ಎತ್ತರಕ್ಕೆ ಕೇಪಿನ ಉದ್ದ 50 ಇಂಚು ಅಂದುಕೊಳ್ಳಿ. ಎರಡೂ ಸೇರಿ 55, ಕೆಳಗಿನ ಮಡಿಕೆಗೆ ಇನ್ನೊಂದು ಇಂಚು. 58 ಇಂಚು ಪನ್ನದ, ಅಂದರೆ ಅಗಲದ, ಬಟ್ಟೆಯಲ್ಲಿ ಇದು ಜೋಡಣೆ ಇಲ್ಲದೆ ಕೂರುತ್ತದೆ, 3 ಮೀಟರ್ ಸಾಕು. 44 ಇಂಚು ಪನ್ನ ತಂದರೆ ನಡುವೆ ಜೋಡಿಸಲೇಬೇಕು. ಅಂಗಡಿಯಲ್ಲಿ ಮೀಟರ್ ಬೆಲೆ ಕೇಳುವ ಮುಂಚೆ ಪನ್ನ ಕೇಳಿ.

ಕತ್ತರಿಸಿದ ಕೇಪನ್ನು ಕೂಡಲೇ ಮಡಚಿ ಹೊಲಿಯಬೇಡಿ. ಒಂದು ರಾತ್ರಿ, ಒಂದು ಹಗಲು ಹ್ಯಾಂಗರ್‌ನಲ್ಲಿ ತೂಗು ಹಾಕಿ. ವೃತ್ತದಲ್ಲಿ ಕತ್ತರಿಸಿದಾಗ ಕೆಲವು ಭಾಗ ಓರೆ ಎಳೆಯಲ್ಲಿ ಬೀಳುತ್ತದೆ. ಅದು ತನ್ನ ಭಾರಕ್ಕೆ ತಾನೇ ಜೋಲುತ್ತದೆ. ಜೋತ ಮೇಲೆ ಅಂದು ಹಾಕುವ ಶೂ ಹಾಕಿಕೊಂಡು ನಿಲ್ಲಿ. ಅಮ್ಮ ಕೆಳಗೆ ಕೂತು ನೆಲದಿಂದ 2 ಇಂಚು ಮೇಲೆ ಸುತ್ತ ಚಾಕ್ ಗುರುತು ಹಾಕಲಿ. ನೆಲ ಮುಟ್ಟುವ ಕೇಪ್ ಚಿತ್ರಕ್ಕೆ ಸರಿ. ಸಾವಿರಾರು ಜನ ಓಡಾಡುವ ಕಡೆ ಯಾರಾದರೂ ತುಳಿದೇ ತುಳಿಯುತ್ತಾರೆ. ಅದಕ್ಕೇ ಕೇಪನ್ನು ಕುತ್ತಿಗೆಗೆ ಗಂಟು ಹಾಕಬೇಡಿ. ದೊಡ್ಡ ಟಿಚ್ ಬಟನ್ನಿನಿಂದ ಎರಡೂ ಭುಜದ ಪಟ್ಟಿಗೆ ಸೇರಿಸಿ. ಯಾರಾದರೂ ತುಳಿದರೆ ಬಟನ್ ಬಿಚ್ಚಿಕೊಳ್ಳುತ್ತದೆ, ಕುತ್ತಿಗೆ ಎಳೆಯುವುದಿಲ್ಲ. ಇದು ನನ್ನ ಕಡೆಯಿಂದ ಕಡ್ಡಾಯ ಅಂತಲೇ ತಿಳಿಯಿರಿ.

ಕವಚಕ್ಕೆ ಬರೋಣ. ಪೇಪರ್ ಸರಿಯಿತ್ತು, ಫೋಮ್ ಕಡಿಮೆ ಬಿತ್ತು. ನಿಮ್ಮ ಅಳತೆ ತಪ್ಪಿಲ್ಲ. ಪೇಪರಿಗೆ ದಪ್ಪವಿಲ್ಲ, ಫೋಮ್‌ಗೆ ಇದೆ. ಮೈಯನ್ನು ಸುತ್ತುವಾಗ ಫೋಮ್‌ನ ಒಳಮೈ ಕುಗ್ಗುತ್ತದೆ, ಹೊರಮೈ ಹಿಗ್ಗುತ್ತದೆ. ನಡುವಿನ ಗೆರೆ ಮಾತ್ರ ಕತ್ತರಿಸಿದಷ್ಟೇ ಉದ್ದ ಉಳಿಯುತ್ತದೆ. ಆ ಗೆರೆ ಮೈಯಿಂದ 5 ಎಂಎಂ ದೂರದಲ್ಲಿದೆ. ಹಾಗಾಗಿ ಪೂರ್ತಿ ಒಂದು ಸುತ್ತಿಗೆ 10 ಎಂಎಂ ಫೋಮ್ ಸುಮಾರು 31 ಎಂಎಂ ಹೆಚ್ಚು ಕೇಳುತ್ತದೆ, ಅಂದರೆ ಒಂದೂಕಾಲು ಇಂಚು. ಒಳಗಿನ ಅಂಗಿಯ ದಪ್ಪ ಸೇರಿಸಿದರೆ ನಿಮ್ಮ ಒಂದೂವರೆ ಇಂಚು ಲೆಕ್ಕಕ್ಕೆ ಸಿಕ್ಕಿತು. 5 ಎಂಎಂ ಫೋಮ್ ಆದರೆ ಇದರ ಅರ್ಧ.

ಆ ಎದೆಗವಚವನ್ನು ಎಸೆಯಬೇಡಿ. ಕೂಡದ ಆ ಜಾಗವೇ ನಿಮಗೆ ಬೇಕಾದದ್ದು. ಸುತ್ತಲೂ ಮುಚ್ಚಿದ ಕವಚದಲ್ಲಿ ಉಸಿರು ಪೂರ್ತಿ ಎಳೆಯಲು ಆಗುವುದಿಲ್ಲ, ಕೂರಲು ಆಗುವುದಿಲ್ಲ. ಎರಡೂ ಪಕ್ಕದಲ್ಲಿ ಕತ್ತರಿಸಿ ಎದೆಗೊಂದು, ಬೆನ್ನಿಗೊಂದು ಮಾಡಿ. ಪಕ್ಕಕ್ಕೆ ಅಗಲ ಇಲಾಸ್ಟಿಕ್ ಮೇಲೆ ರೆಕ್ಸಿನ್ ಪಟ್ಟಿ ಹೊಲಿದು, ಬಕಲ್ ಹಾಕಿ. ನಿಜವಾದ ಕವಚಗಳೂ ಪಟ್ಟಿ, ಬಕಲ್ಲಿನಿಂದಲೇ ಕೂಡುತ್ತಿದ್ದವು. ರೆಕ್ಸಿನ್‌ಗೆ ಗುಂಡುಸೂಜಿ ಚುಚ್ಚಬೇಡಿ, ತೂತು ಶಾಶ್ವತ. ಬಟ್ಟೆ ಒಣಗಿಸುವ ಕ್ಲಿಪ್ ಸಾಕು. ಅದಕ್ಕೆ 16ರ ಸೂಜಿ, ದೊಡ್ಡ ಹೊಲಿಗೆ.

ಬಣ್ಣ ಬಿರಿದದ್ದಕ್ಕೆ ಎರಡು ಕಾರಣ. ಎನಾಮಲ್ ಒಣಗಿದರೆ ಗಾಜಿನ ಹಾಗೆ ಗಟ್ಟಿ, ಫೋಮ್ ಬಾಗುತ್ತದೆ, ಬಣ್ಣ ಬಾಗುವುದಿಲ್ಲ. ಎರಡನೆಯದು ಕ್ರಮ. ನೀವು ಸಪಾಟಾದ ಫೋಮ್‌ಗೆ ಬಣ್ಣ ಬಳಿದು ಆಮೇಲೆ ಬಗ್ಗಿಸಿದಿರಿ. ಮೊದಲು ಬಗ್ಗಿಸಬೇಕು, ಆಮೇಲೆ ಬಣ್ಣ. ಹೀಟ್ ಗನ್‌ನಿಂದ ಬಿಸಿಗಾಳಿ ಹಾಯಿಸಿದರೆ ಇವಿಎ ಫೋಮ್ ಮೆತ್ತಗಾಗುತ್ತದೆ. ಆಗ ಅದನ್ನು ಪಾತ್ರೆಯ ಮೇಲೋ, ತೊಡೆಯ ಮೇಲೆ ದಪ್ಪ ಟವೆಲ್ ಹಾಕಿಯೋ ಒತ್ತಿ ಹಿಡಿದರೆ, ತಣ್ಣಗಾದ ಮೇಲೂ ಅದೇ ಆಕಾರದಲ್ಲಿ ನಿಲ್ಲುತ್ತದೆ. ಬಿಸಿಗೆ ಮೇಲ್ಮೈಯ ಸಣ್ಣ ರಂಧ್ರಗಳೂ ಮುಚ್ಚುತ್ತವೆ. ಮುಚ್ಚಿದ ಜಾಗ ಸ್ವಲ್ಪ ಮಿರುಗುತ್ತದೆ, ಕಣ್ಣಿಗೆ ಗೊತ್ತಾಗುತ್ತದೆ. ಹೀಟ್ ಗನ್ ಕೊಳ್ಳಬೇಡಿ. ಗಾಡಿಗೆ ಸ್ಟಿಕ್ಕರ್ ಅಂಟಿಸುವ ಅಂಗಡಿಯವರ ಹತ್ತಿರ ಇರುತ್ತದೆ. ಕೇಳಿ, ಒಂದು ಗಂಟೆ ಅವರ ಮುಂದೆಯೇ ಕೂತು ಕೆಲಸ ಮುಗಿಸಿಕೊಳ್ಳಿ. ಆಮೇಲೆ ಬಿಳಿ ಫೆವಿಕಾಲ್‌ಗೆ ನೀರು ಬೆರೆಸಿ, ತೆಳ್ಳಗೆ ನಾಲ್ಕೈದು ಕೋಟ್. ಒಂದು ಪೂರ್ತಿ ಒಣಗಿದ ಮೇಲೇ ಇನ್ನೊಂದು. ಅದರ ಮೇಲೆ ಅಕ್ರಿಲಿಕ್ ಬಣ್ಣ. ಮೊದಲು ಪೂರ್ತಿ ಕಪ್ಪು. ಒಣಗಿದ ಮೇಲೆ ಬ್ರಶ್‌ಗೆ ಬೆಳ್ಳಿ ಬಣ್ಣ ಅದ್ದಿ, ಹಳೇ ಬಟ್ಟೆಗೆ ಒರೆಸಿ, ಬ್ರಶ್ ಹೆಚ್ಚುಕಡಿಮೆ ಒಣಗಿದಾಗ ಅಂಚುಗಳಿಗೆ ಮಾತ್ರ ಸವರಿ. ಗೀರು, ಮೂಲೆ, ಉಬ್ಬು ಇರುವಲ್ಲಷ್ಟೇ ಬೆಳ್ಳಿ ಹತ್ತುತ್ತದೆ. ತಗ್ಗಿನಲ್ಲಿ ಕಪ್ಪು ಉಳಿಯುತ್ತದೆ. ಎರಡಡಿ ದೂರದಿಂದ ನೋಡಿದರೆ ತವರ ತಗಡು ಅನ್ನಬೇಕು, ಹಾಗೆ ಕಾಣುತ್ತದೆ.

ಥರ್ಮಾಕೋಲ್ ಕರಗಿದ್ದು ಅಂಟಿನಲ್ಲಿರುವ ದ್ರಾವಕಕ್ಕೆ. ಚಪ್ಪಲಿ ರಿಪೇರಿಯವರು, ಸೋಫಾ ಮಾಡುವವರು ಬಳಸುವ ರಬ್ಬರ್ ಅಂಟು ಇವಿಎ ಫೋಮ್‌ಗೆ ಹೇಳಿ ಮಾಡಿಸಿದ್ದು, ಥರ್ಮಾಕೋಲ್‌ಗೆ ವಿಷ. ಸ್ಪ್ರೇ ಬಣ್ಣಕ್ಕೂ ಅದು ಹೀಗೆಯೇ ಕರಗುತ್ತದೆ. ಭುಜಕ್ಕೂ ಫೋಮ್ ಬಳಸಿ, 5 ಎಂಎಂ ಸಾಕು. ಅಂಟು ಎರಡೂ ಬದಿಗೆ ತೆಳ್ಳಗೆ ಹಚ್ಚಿ, ಹತ್ತು ನಿಮಿಷ ಬಿಡಿ, ಬೆರಳಿಗೆ ಅಂಟದ ಹಾಗೆ ಒಣಗಲಿ. ಆಮೇಲೆ ಒತ್ತಿ. ಹಸಿ ಇರುವಾಗಲೇ ಒತ್ತುವವರೇ ಜಾಸ್ತಿ, ಅದಕ್ಕೇ ಬಿಟ್ಟುಹೋಗುತ್ತದೆ. ಒಮ್ಮೆ ಕೂತರೆ ಸರಿಸಲು ಬರುವುದಿಲ್ಲ, ನೋಡಿ ಒತ್ತಿ. ಗ್ಲೂ ಗನ್ ಅಂಟು ಬೇಗ ಹಿಡಿಯುತ್ತದೆ ನಿಜ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಇಟ್ಟರೆ ಮೆತ್ತಗಾಗಿ ಬಿಡಬಹುದು. ಸಣ್ಣ ಅಲಂಕಾರಕ್ಕೆ ಮಾತ್ರ ಇಟ್ಟುಕೊಳ್ಳಿ.

ಇಲ್ಲಿ ನಾನು ಸ್ವಲ್ಪ ಖಡಕ್ಕಾಗಿ ಹೇಳಲೇಬೇಕು. ಆ ಅಂಟಿನ ವಾಸನೆ ತಲೆ ಸುತ್ತಿಸುತ್ತದೆ, ಅದರ ಆವಿಗೆ ಬೆಂಕಿ ಹತ್ತುತ್ತದೆ. ಬಾಗಿಲು ಹಾಕಿದ ರೂಮಿನಲ್ಲಿ ಬೇಡ, ಅಡುಗೆಮನೆ ಪಕ್ಕ ಬೇಡ, ದೇವರ ದೀಪ ಉರಿಯುವ ಕಡೆ ಬೇಡ. ತಾರಸಿಗೆ ಹೋಗಿ. ಅಂಟು ಪೂರ್ತಿ ಒಣಗುವವರೆಗೆ ಹೀಟ್ ಗನ್ ಹತ್ತಿರ ತರಬೇಡಿ. ಬಟ್ಟೆ ಮಾಸ್ಕ್ ಆಗಲಿ, ಎನ್95 ಆಗಲಿ ಈ ಆವಿಯನ್ನು ತಡೆಯುವುದಿಲ್ಲ. ಎನ್95 ಇರುವುದು ಧೂಳಿಗೆ, ಫೋಮನ್ನು ಉಜ್ಜುವಾಗ ಅದನ್ನು ಹಾಕಿಕೊಳ್ಳಿ. ಆವಿಗೆ ಕಾರ್ಟ್ರಿಡ್ಜ್ (ಆವಿ ಹೀರುವ ಡಬ್ಬಿ) ಇರುವ ಮಾಸ್ಕ್ ಬೇಕು. ಅದಿಲ್ಲದಿದ್ದರೆ ಬಯಲು ಗಾಳಿಯಲ್ಲಿ ಸ್ವಲ್ಪ ಸ್ವಲ್ಪವೇ ಹಚ್ಚಿ. ಕವಚಕ್ಕೆ ಸನ್‌ಬೋರ್ಡ್ (ಬೋರ್ಡು ಮಾಡಲು ಬಳಸುವ ಗಟ್ಟಿ ಪ್ಲಾಸ್ಟಿಕ್ ಹಾಳೆ) ಬಳಸುವುದಾದರೆ ಅದಕ್ಕೆ ಎಂದೂ ಬಿಸಿ ತಾಗಿಸಬೇಡಿ. ಅದು ಪಿವಿಸಿ, ಕಾದರೆ ಬರುವ ಹೊಗೆ ಕಣ್ಣು, ಗಂಟಲು ಸುಡುತ್ತದೆ. ಪಾತ್ರಕ್ಕೆ ಬಣ್ಣದ ಕಣ್ಣು ಬೇಕು ಅಂತ ಆನ್‌ಲೈನ್ ಲೆನ್ಸ್ ತರಿಸುವ ಯೋಚನೆ ಇದ್ದರೆ, ಮೊದಲು ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ. ಒಂದು ದಿನದ ಫೋಟೋಗೆ ಕಣ್ಣಿನ ಸೋಂಕು ತಂದುಕೊಳ್ಳಬೇಡಿ.

ಇಷ್ಟು ತುಂಡುಗಳನ್ನು ಮೈಮೇಲೆ ನಿಲ್ಲಿಸುವುದು ಹೇಗೆ? ನೀವು ಕೇಳಿಲ್ಲ, ಆದರೆ ಆರನೇ ವಾರ ಕೇಳುತ್ತೀರಿ. ಇದಕ್ಕೆ ನಿಮ್ಮ ಜಿಲ್ಲೆಯಲ್ಲೇ ಪಾಠ ಇದೆ. ಸಾಗರ, ಹೊಸನಗರದ ಕಡೆ ಯಕ್ಷಗಾನ ನಡೆಯುವಾಗ ಒಂದು ರಾತ್ರಿ ಬೇಗ ಹೋಗಿ, ಕೇಳಿಕೊಂಡು ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚಿ ವೇಷ ತೊಡುವ ಜಾಗದಲ್ಲಿ, ಕೂತು ನೋಡಿ. ವೇಷ ಕಟ್ಟುವುದು ಅನ್ನುತ್ತಾರೆ ಕಲಾವಿದರು. ಆ ಮಾತಿನಲ್ಲೇ ಎಲ್ಲ ಇದೆ. ಎದೆಕಟ್ಟು, ಭುಜಕೀರ್ತಿ, ತೋಳಿನ ಕಟ್ಟು, ಸೊಂಟದ ವೀರಗಾಸೆ ಒಂದೊಂದೂ ಬೇರೆ ಬೇರೆ. ಒಂದೊಂದಕ್ಕೂ ಅದರದ್ದೇ ದಾರ. ಹಳೇ ಕ್ರಮದಲ್ಲಿ ಆಭರಣಗಳನ್ನು ಹಗುರ ಮರದಲ್ಲಿ ಕೆತ್ತಿ, ಮೇಲೆ ಬಂಗಾರದ ಬಣ್ಣದ ಬೇಗಡೆ, ಕನ್ನಡಿ ಚೂರು ಅಂಟಿಸುತ್ತಿದ್ದರು. ನೀವು ಫೋಮ್‌ನಲ್ಲಿ ಮಾಡುತ್ತಿರುವುದು ಅದನ್ನೇ. ಅಷ್ಟನ್ನೆಲ್ಲ ಮೈಮೇಲೆ ಹೊತ್ತು ಆ ಕಲಾವಿದ ಗಿರಕಿ ಹೊಡೆದು, ಮಂಡಿಯೂರಿ ಕುಣಿಯುತ್ತಾನೆ. ಯಾಕೆ ಆಗುತ್ತದೆ ಅಂದರೆ ಭುಜದ ತುಂಡು ಎದೆಯ ತುಂಡಿಗೆ ಅಂಟಿಕೊಂಡಿಲ್ಲ. ಕೈ ಎತ್ತಿದಾಗ ಭುಜ ಒಂದೇ ಏಳುತ್ತದೆ.

ನೀವೂ ಹಾಗೇ ಮಾಡಿ. ಭುಜದ ಕವಚವನ್ನು ಎದೆಗವಚಕ್ಕೆ ಅಂಟಿಸಬೇಡಿ. ಕುತ್ತಿಗೆ ಪಕ್ಕ ಒಂದು ಪಟ್ಟಿಯಿಂದ ತೂಗು ಬಿಡಿ, ತೋಳಿನ ಸುತ್ತ ಇಲಾಸ್ಟಿಕ್ ಹಾಕಿ. ಮುಂಗೈ ಕವಚಕ್ಕೆ ಒಳಗಡೆ ವೆಲ್ಕ್ರೋ. ಆಗ ಶಿವಮೊಗ್ಗದಿಂದ ಬಸ್ಸಿನಲ್ಲಿ ಒಂದು ಚೀಲದಲ್ಲಿ ಎಲ್ಲ ಹಿಡಿಯುತ್ತದೆ. ಶೌಚಾಲಯಕ್ಕೆ ಹೋಗಬೇಕಾದರೂ ಐದು ನಿಮಿಷದಲ್ಲಿ ಬಿಚ್ಚಬಹುದು. ಈ ಮಾತು ಯಾರೂ ಮೊದಲು ಯೋಚಿಸುವುದಿಲ್ಲ. ಆಮೇಲೆ ಇಡೀ ದಿನ ನೀರೇ ಕುಡಿಯದೆ ತಲೆ ಸುತ್ತಿ ಕೂತವರನ್ನು ನಾನು ನೋಡಿದ್ದೇನೆ.

ಈಗ ಕೊಳ್ಳುವುದಾ, ಮಾಡುವುದಾ? ಕೊಂಡು ಹಾಕಿದರೆ ಕಾಸ್‌ಪ್ಲೇ ಅಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಕಾಸ್ಟ್ಯೂಮ್, ಪ್ಲೇ ಎರಡನ್ನೂ ಸೇರಿಸಿ 1980ರ ದಶಕದಲ್ಲಿ ಜಪಾನಿನಲ್ಲಿ ಹುಟ್ಟಿದ ಪದ ಅದು. ಉಡುಪಿದೆ, ಆಟವಿದೆ. ಸ್ವಂತ ಹೊಲಿಗೆ ಅನ್ನುವ ಷರತ್ತು ಪದದಲ್ಲಿಲ್ಲ. ಸ್ಪರ್ಧೆಗೆ ಹೆಸರು ಕೊಡುವುದಾದರೆ ಮಾತ್ರ ಬೇರೆ. ಅಲ್ಲಿ ಯಾವುದು ನೀವೇ ಮಾಡಿದ್ದು ಅಂತ ಕೇಳಬಹುದು, ಒಳಗಿನ ಹೊಲಿಗೆ ತಿರುಗಿಸಿ ನೋಡಬಹುದು. ನಿಯಮ ಮೊದಲೇ ಓದಿ, ಪ್ರತಿ ಹಂತದ ಫೋಟೋ ಇಟ್ಟುಕೊಳ್ಳಿ. ಕತ್ತಿ, ಈಟಿ ಒಯ್ಯುವುದಾದರೆ ಅದರ ನಿಯಮವನ್ನೂ ನೋಡಿ. ಲೋಹದ್ದು, ಚೂಪಾದದ್ದು ಒಳಗೆ ಬಿಡುವುದಿಲ್ಲ.

ಪೂರ್ತಿ ಸೆಟ್ ಆನ್‌ಲೈನ್‌ನಲ್ಲಿ ತರಿಸಿದರೆ ನಿಮ್ಮ ಏಳು ವಾರ ಉಳಿಯುತ್ತದೆ. ಆದರೆ ಹೊರದೇಶದಿಂದ ಬರುವ ಸೆಟ್ಟುಗಳ ಸೈಜು ಹಲವು ಸಲ ನಮ್ಮ ಲೆಕ್ಕಕ್ಕಿಂತ ಚಿಕ್ಕದಿರುತ್ತದೆ, ಬರುವ ದಿನ ನಿಮ್ಮ ಕೈಯಲ್ಲಿಲ್ಲ. ಒಬ್ಬ ಹುಡುಗಿಗೆ ಕಾರ್ಯಕ್ರಮಕ್ಕೆ ನಾಲ್ಕು ದಿನ ಇದ್ದಾಗ ಬಂತು. ಜಿಪ್ ಮೇಲೇರಲಿಲ್ಲ. ಪಕ್ಕ ಬಿಚ್ಚಿ, ಹೊಂದುವ ಬಟ್ಟೆ ಹುಡುಕಿ ತುಂಡು ಸೇರಿಸುವುದರಲ್ಲಿ ಎರಡು ರಾತ್ರಿ ಹೋಯಿತು. ಇನ್ನೊಂದು ದಾರಿ ಟೈಲರ್. ಬೀದಿ ಕೊನೆಯ ಬ್ಲೌಸ್ ಟೈಲರ್ ಅಚ್ಚುಕಟ್ಟಾಗಿ ಹೊಲಿಯುತ್ತಾರೆ, ಗೇಮ್ ಚಿತ್ರ ಮಾತ್ರ ಅವರಿಗೆ ಅರ್ಥವಾಗುವುದಿಲ್ಲ. ಬರೀ ಫೋನ್ ತೋರಿಸಬೇಡಿ, ಹಳೇ ಬೆಡ್‌ಶೀಟಿನಲ್ಲಿ ಹೊಲಿದ ಮಾದರಿ ಒಯ್ಯಿರಿ. ಹಬ್ಬ, ಮದುವೆ ಸೀಸನ್‌ನಲ್ಲಿ ನಿಮ್ಮ ಕೇಪ್ ಕೊನೆಗೆ ಬೀಳುತ್ತದೆ ಅನ್ನುವುದು ನೆನಪಿರಲಿ. ನಿಮಗೆ ನನ್ನ ಸಲಹೆ ಮಿಶ್ರ ದಾರಿ. ಅಂಗಿ, ಲೆಗಿಂಗ್ಸ್, ಶೂ, ವಿಗ್ ಕೊಂಡದ್ದು ಅಥವಾ ಸಾಲ ತಂದದ್ದು. ಕೇಪ್, ಕವಚ ನಿಮ್ಮ ಕೈಯದ್ದು.

ಬೆಡ್‌ಶೀಟ್ ಅಂದೆನಲ್ಲ, ಅದೇ ಮೊದಲ ವಾರದ ಕೆಲಸ. ಹೊಸ ಬಟ್ಟೆಗೆ ಕತ್ತರಿ ಹಾಕುವ ಮುಂಚೆ ಹಳೇ ಬೆಡ್‌ಶೀಟಿನಲ್ಲಿ ಕೇಪ್, ಹಳೇ ರಟ್ಟಿನಲ್ಲಿ ಕವಚ ಪೂರ್ತಿ ಮಾಡಿ ಹಾಕಿಕೊಳ್ಳಿ. ಕೂತು, ಎದ್ದು, ಮೆಟ್ಟಿಲು ಹತ್ತಿ, ಎರಡೂ ಕೈ ತಲೆ ಮೇಲೆತ್ತಿ ನೋಡಿ. ಈ ಒಂದು ವಾರ ಬಿಟ್ಟದ್ದರಿಂದಲೇ ನಿಮ್ಮ ದುಡ್ಡು ಹೋದದ್ದು. ಎರಡು ಮತ್ತು ಮೂರನೇ ವಾರ ಕೇಪ್. ನಾಲ್ಕು, ಐದು ಕವಚ ಕತ್ತರಿಸಿ ಬಗ್ಗಿಸಿ ಅಂಟಿಸಲು. ಬಣ್ಣಕ್ಕೆ ಆರನೆಯದು, ಯಾಕೆಂದರೆ ಕೋಟ್ ಒಣಗುವ ಹೊತ್ತನ್ನು ಅವಸರ ಮಾಡಲು ಆಗುವುದಿಲ್ಲ. ಏಳನೇ ವಾರ ಏನೂ ಹೊಸದು ಮಾಡಬೇಡಿ. ಪೂರ್ತಿ ಕಟ್ಟಿಕೊಂಡು ಮನೆಯಲ್ಲೇ ಮೂರು ಗಂಟೆ ಓಡಾಡಿ. ಎಲ್ಲಿ ಉಜ್ಜುತ್ತದೋ ಅಲ್ಲಿ ಒಳಗೆ ಮೆತ್ತನೆ ಬಟ್ಟೆ ಅಂಟಿಸಿ. ಏನಾದರೂ ಹಿಂದೆ ಬಿದ್ದರೆ ಮುಂಗೈ ಕವಚ ಬಿಡಿ, ನಿದ್ದೆ ಬಿಡಬೇಡಿ.

ಅಪ್ಪ ಕೇಳಿದ್ದು ನ್ಯಾಯವಾದ ಪ್ರಶ್ನೆ. ವಾದ ಮಾಡಬೇಡಿ. ಒಂದು ನೋಟ್‌ಬುಕ್‌ನಲ್ಲಿ ಖರ್ಚು ಬರೆದು ಅವರ ಮುಂದಿಡಿ. ಆಗಲೇ ಹೋದ 1,800ರಲ್ಲಿ ಸ್ಯಾಟಿನ್ ಲೈನಿಂಗ್ ಆಯಿತು, ಎದೆಗವಚ ಉಳಿಯಿತು, ಅಂಟು ಡಬ್ಬಿಯಲ್ಲೇ ಇದೆ. ನಿಜವಾಗಿ ಹಾಳಾದದ್ದು ಥರ್ಮಾಕೋಲ್, ಎನಾಮಲ್ ಎರಡೇ. ಭುಜದ ಪಟ್ಟಿಗೆ ಬಕಲ್ ಹಾಕುವಾಗ ಒಂದು ಕೈ ಸಾಲದು, ಆಗ ಅವರನ್ನೇ ಕರೆಯಿರಿ.

ಇವತ್ತು ಸಂಜೆ ಇಷ್ಟು ಮಾಡಿ. 11 ನಂಬರಿನ ಸೂಜಿ ಒಂದು ಪ್ಯಾಕೆಟ್ ತನ್ನಿ. ಮಷೀನಿನ ಪಾದ ಎತ್ತಿ, ಹಲ್ಲಿನ ಸಂದಿಯಲ್ಲಿ ಕೂತ ಧೂಳನ್ನು ಹಳೇ ಹಲ್ಲುಜ್ಜುವ ಬ್ರಶ್‌ನಿಂದ ತೆಗೆಯಿರಿ, ಎಣ್ಣೆ ಹಾಕಿ, ಹಳೇ ಚಿಂದಿಯ ಮೇಲೆ ಎಣ್ಣೆ ಕಲೆ ನಿಲ್ಲುವವರೆಗೆ ಹೊಲಿಯಿರಿ. ಆಮೇಲೆ ಉಳಿದ ಸ್ಯಾಟಿನ್‌ನಲ್ಲಿ ಒಂದು ಅಡಿ ಉದ್ದದ ಎರಡು ಪಟ್ಟಿ ಕತ್ತರಿಸಿ, ಕೆಳಗೆ ಕಾಗದ ಇಟ್ಟು ಒಂದೇ ಒಂದು ಹೊಲಿಗೆ ಹಾಕಿ, ಅದನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿ.